ಏಳು ವರ್ಷ ಅಲ್ಲಿ, ನಾಲ್ಕು ವರ್ಷ ಇಲ್ಲಿ

ಕರ್ನಾಟಕದಲ್ಲಿ ಶಾಲೆಯ ಗಂಟೆ ಮೇ ತಿಂಗಳ ಕೊನೆಗೇ ಹೊಡೆಯುತ್ತದೆ. ತೆಲಂಗಾಣದ ಶಾಲೆಗಳು ಬಾಗಿಲು ತೆರೆಯುವುದು ಜೂನ್ 12ಕ್ಕೆ. ನಡುವೆ ಸಿಗುವ ಈ ಎರಡು ವಾರ ಗದ್ವಾಲ್, ಮಕ್ತಲ್, ನಾರಾಯಣಪೇಟೆ ಸೀಮೆಯ ಕನ್ನಡ ಮನೆಗಳಲ್ಲಿ ತಕರಾರಿನ ಕಾಲ. "ಹುಡುಗನ್ನ ಯಾವ ಸಾಲಿಗೆ ಹಾಕಬೇಕ್ರೀ ಸರ?" ಎಂದು ಕಂಡಕಂಡ ಮಾಸ್ತರರನ್ನೆಲ್ಲ ನಿಲ್ಲಿಸಿ ಕೇಳುವವರು ಈ ದಿನಗಳಲ್ಲಿ ಹೆಚ್ಚು. ಊರ ಸರ್ಕಾರಿ ಶಾಲೆಯೇ ಸಾಕೆ, ಗದ್ವಾಲಿನ ಖಾಸಗಿ ಇಂಗ್ಲಿಷ್ ಮೀಡಿಯಮ್ಮೇ, ಗುರುಕುಲವೆನ್ನುವ ಸರ್ಕಾರಿ ವಸತಿ ಶಾಲೆಯ ಪರೀಕ್ಷೆ ಬರೆಸುವುದೆ, ರಾಯಚೂರಿನಲ್ಲಿರುವ ಸೋದರಮಾವನ ಮನೆಗೆ ಕಳಿಸುವುದೆ? ಪ್ರಶ್ನೆ ಒಂದೇ, ಉತ್ತರ ಹೇಳುವವರು ಊರ ತುಂಬ.

ಬೆಂಗಳೂರಿನ ತಂದೆತಾಯಿ ಶಾಲೆ ಹುಡುಕುವಾಗ ಫೀಸು ನೋಡುತ್ತಾರೆ, ಬಸ್ಸು ನೋಡುತ್ತಾರೆ, ಮೈದಾನ ನೋಡುತ್ತಾರೆ. ಗಡಿಯವರು ಇವೆಲ್ಲವನ್ನೂ ನೋಡಿ ಆದಮೇಲೆ ಇನ್ನೊಂದನ್ನು ನೋಡಬೇಕು: ಮಗು ಯಾವ ತರಗತಿಯನ್ನು ಯಾವ ರಾಜ್ಯದ ನೆಲದಲ್ಲಿ ಓದುತ್ತದೆ ಎಂಬುದನ್ನು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಸೀಟು ಸಿಗುವುದೋ ತಪ್ಪುವುದೋ ಎಂಬುದನ್ನು ಎಷ್ಟೋ ಸಲ ಅಂಕಗಳಿಗಿಂತ ಮೊದಲು ಇದೇ ತೀರ್ಮಾನಿಸಿಬಿಟ್ಟಿರುತ್ತದೆ. ಈ ಮಾತನ್ನು ಮನೆಯವರಿಗೆ ಸಮಯಕ್ಕೆ ಸರಿಯಾಗಿ ಹೇಳುವವರು ಕಡಿಮೆ.

ಈ ಗೋಜಲು ಹುಟ್ಟಿದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲ್ಲೂಕುಗಳನ್ನು ಕತ್ತರಿಸಿ ಮಹಬೂಬ್‌ನಗರಕ್ಕೆ ಸೇರಿಸಿದರು. ಕಲಬುರಗಿಯಿಂದ ಕೊಡಂಗಲ್, ತಾಂಡೂರು ಹೋದದ್ದೂ ಆಗಲೇ. ಮಕ್ತಲ್, ನಾರಾಯಣಪೇಟೆ ಮೊದಲಿನಿಂದಲೂ ಮಹಬೂಬ್‌ನಗರದವೇ. 2016ರ ಅಕ್ಟೋಬರ್ 11ಕ್ಕೆ ಜೋಗುಳಾಂಬ ಗದ್ವಾಲ್, 2019ರ ಫೆಬ್ರುವರಿ 17ಕ್ಕೆ ನಾರಾಯಣಪೇಟೆ ಬೇರೆ ಬೇರೆ ಜಿಲ್ಲೆಗಳಾದವು. ಜಿಲ್ಲೆ ಒಡೆದಾಗಲೆಲ್ಲ ಕಚೇರಿಯ ಫಲಕ ಬದಲಾಯಿತು. ಕಾಲೂರು ತಿಮ್ಮನದೊಡ್ಡಿ ಎಂಬ ಮಂಡಲದ ಹೆಸರಿನಲ್ಲಿ ಮಾತ್ರ ಕನ್ನಡದ ದೊಡ್ಡಿ ಹಾಗೇ ಉಳಿದಿದೆ.

2011ರ ಜನಗಣತಿಯ ಲೆಕ್ಕವನ್ನು ಈಗಿನ ಜಿಲ್ಲೆಗಳಿಗೆ ಹಂಚಿದರೆ ಗದ್ವಾಲ್ ಮತ್ತು ನಾರಾಯಣಪೇಟೆ ಎರಡರಲ್ಲೂ ಸಾಕ್ಷರತೆ ಶೇ 50ನ್ನು ಮುಟ್ಟುವುದಿಲ್ಲ. ಇಡೀ ತೆಲಂಗಾಣದಲ್ಲಿ ಕೊನೆಯ ಸಾಲು ಇವೆರಡರದೇ. ಗದ್ವಾಲ್ ಸೀಮೆ ಹತ್ತಿಯ ಬಿತ್ತನೆ ಬೀಜಕ್ಕೆ ದೇಶದಲ್ಲೇ ಹೆಸರಾದದ್ದು. ಹೈಬ್ರಿಡ್ ಬೀಜಕ್ಕೆ ಹೂವನ್ನು ಒಂದೊಂದಾಗಿ ಕೈಯಲ್ಲೇ ಕ್ರಾಸಿಂಗ್ ಮಾಡಬೇಕು, ಆ ಕೆಲಸಕ್ಕೆ ಮಕ್ಕಳನ್ನೂ ಹಚ್ಚುತ್ತಾರೆ. ಮಳೆಗಾಲದ ಆ ವಾರಗಳಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಏಳುತ್ತವೆ, ಅದರಲ್ಲೂ ಹೆಣ್ಣುಮಕ್ಕಳ ಹೆಸರಿನ ಮುಂದೆ. ಆದ್ದರಿಂದ ಇಲ್ಲಿ ಶಾಲೆ ಆರಿಸಿಕೊಳ್ಳುವುದೆಂದರೆ ಮೊದಲ ಪ್ರಶ್ನೆ, ಮಗು ಆಗಸ್ಟಿನಲ್ಲೂ ಹೋಗುವಂಥ ಶಾಲೆ ಯಾವುದು ಎಂಬುದೇ. ಹಾಸ್ಟೆಲಿನ ಆಸೆ ಈ ಸೀಮೆಯಲ್ಲಿ ಯಾಕೆ ಹೆಚ್ಚು ಎಂದು ಕೇಳುವವರು ಒಮ್ಮೆ ಹೂವಿನ ಕಾಲದಲ್ಲಿ ಗದ್ವಾಲ್ ಸೀಮೆಯ ಗಟ್ಟು ಕಡೆಗೆ ಬಂದು ನೋಡಬೇಕು.

ಇನ್ನು ವರ್ಷಗಳ ಲೆಕ್ಕ. ತೆಲಂಗಾಣದಲ್ಲಿ 'ಸ್ಥಳೀಯ' ಎನ್ನಿಸಿಕೊಳ್ಳಲು ಎರಡು ಬೇರೆ ಬೇರೆ ಅಳತೆಗಳಿವೆ. ಸಂವಿಧಾನದ 371-ಡಿ ಅನುಚ್ಛೇದದ ಕೆಳಗೆ ಹೊರಟ 2018ರ ರಾಷ್ಟ್ರಪತಿ ಆದೇಶದ ಪ್ರಕಾರ ಸರ್ಕಾರಿ ನೇಮಕಾತಿಯಲ್ಲಿ ಶೇ 95ರಷ್ಟು ಹುದ್ದೆಗಳು ಸ್ಥಳೀಯರಿಗೆ. ಅಲ್ಲಿ ಕೇಳುವುದು 1ರಿಂದ 7ನೆಯ ತರಗತಿಯ ಓದು: ಏಳರಲ್ಲಿ ನಾಲ್ಕು ವರ್ಷ ಎಲ್ಲಿ ಓದಿದ್ದೀರೋ ಆ ಜಿಲ್ಲೆಯವರು ನೀವು. ನಾರಾಯಣಪೇಟೆ ಜಿಲ್ಲೆಯ ಹುಡುಗ ಗದ್ವಾಲಿನಲ್ಲಿ ಅತ್ತೆಯ ಮನೆಯಲ್ಲಿದ್ದು ಓದಿದರೆ ಜಿಲ್ಲಾ ಮಟ್ಟದ ಹುದ್ದೆಗೆ ಅವನು ಗದ್ವಾಲಿನವನು. ಜೋನಲ್ ಹುದ್ದೆಗಾದರೆ ಚಿಂತೆಯಿಲ್ಲ, ಎರಡೂ ಜಿಲ್ಲೆಗಳು ಜೋಗುಳಾಂಬ ಜೋನಿನಲ್ಲೇ ಇವೆ.

ಕಾಲೇಜಿನ ಸೀಟಿಗೆ ಅಳತೆ ತಿರುವುಮುರುವು. ಅಲ್ಲಿ ನೋಡುವುದು ಕೊನೆಯ ನಾಲ್ಕು ವರ್ಷ, ಅಂದರೆ 9, 10 ಮತ್ತು, ಕರ್ನಾಟಕದ ಪಿಯುಸಿಯ ಹಾಗೆ, ಎರಡು ವರ್ಷದ ಇಂಟರ್. 2024ರ ಜುಲೈಯಲ್ಲಿ ತೆಲಂಗಾಣ ಸರ್ಕಾರ ಹೊರಡಿಸಿದ 33ನೆಯ ನಂಬರಿನ ಆದೇಶ ಎಂಬಿಬಿಎಸ್ ಸೀಟುಗಳಿಗೆ ಇದನ್ನು ಬಿಗಿ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಸೆಪ್ಟೆಂಬರ್ 1ರಂದು ಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಹೊರಗೆ ನೌಕರಿಯಲ್ಲಿರುವ ರಾಜ್ಯ ಸರ್ಕಾರಿ ನೌಕರರ, ಸೈನಿಕರ ಮಕ್ಕಳಿಗೆ ವಿನಾಯಿತಿ ಉಂಟು. ಎಂಟು ಮೈಲಿ ಆಚೆಯ ಕಾಲೇಜಿಗೆ ಹೋದ ಗಡಿ ರೈತನ ಮಗಳ ಮಾತು ಆ ಪಟ್ಟಿಯಲ್ಲಿಲ್ಲ.

ಕರ್ನಾಟಕದ್ದು ಇನ್ನೊಂದು ಬಗೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಗೆ ಅರ್ಹತೆಯ ಮೊದಲ ಕಲಂ ಕೇಳುವುದು 1ರಿಂದ 12ರೊಳಗೆ ಒಟ್ಟು ಏಳು ವರ್ಷ ಕರ್ನಾಟಕದ ಓದು, ಜೊತೆಗೆ ಹತ್ತು ಅಥವಾ ಹನ್ನೆರಡನೆಯದನ್ನು ಅಲ್ಲೇ ಪಾಸಾಗಿರಬೇಕು. ಯಾವ ಏಳು ಎಂಬುದು ಮುಖ್ಯವಲ್ಲ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲ, ಹೊಳೆ ದಾಟಿದರೆ ರಾಯಚೂರು. ಗುಡೆಬಲ್ಲೂರಿನಂಥ ಇಲ್ಲಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಉಳಿದುಕೊಂಡಿವೆ. ತೆಲಂಗಾಣದ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಮನೆಯ ಹುಡುಗಿ ಜಾಣೆ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದ್ದಾಳೆ, ಡಾಕ್ಟರ್ ಆಗಬೇಕೆಂದಿದ್ದಾಳೆ. ಮುಂದೆ ಈ ಭಾಗದಲ್ಲಿ ಕನ್ನಡದ ಆಸರೆಯಿರುವ ಇಂಟರ್ ಕಾಲೇಜು ಸಿಗುವುದು ಕಷ್ಟ. ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗ ಸಂಸ್ಥೆಯಿದೆ, ಅದು ದೂರ. ರಾಯಚೂರು ಹತ್ತಿರ, ರೈಲಿದೆ, ನೆಂಟರಿದ್ದಾರೆ, ಮಾತು ನಮ್ಮದೇ. ಪಿಯುಸಿಗೆ ಅಲ್ಲಿ ಸೇರಿಸುತ್ತಾರೆ. ಇದಕ್ಕಿಂತ ಸಹಜವಾದ ನಿರ್ಧಾರ ಇನ್ನೊಂದಿಲ್ಲ.

ಎರಡು ವರ್ಷ ಕಳೆದು ನೀಟ್ ಫಲಿತಾಂಶ ಬಂದಮೇಲೆ ಲೆಕ್ಕ ಹಾಕಿ ನೋಡಿ. ತೆಲಂಗಾಣ ಕೇಳುವ ಕೊನೆಯ ನಾಲ್ಕರಲ್ಲಿ ಅವಳ ಕೈಯಲ್ಲಿರುವುದು ಎರಡು. ಕರ್ನಾಟಕ ಕೇಳುವ ಏಳರಲ್ಲೂ ಎರಡು. ಗಡಿನಾಡು ಕನ್ನಡಿಗರಿಗೆಂದೇ ಒಂದು ಕಲಂ ಇದೆಯಲ್ಲ ಎಂದು ತಂದೆ ಸಿಇಟಿಯ ಪುಸ್ತಿಕೆ ತೆಗೆಯುತ್ತಾನೆ. ಆ ಕಲಮಿನಲ್ಲಿ ಹೆಸರಿಸುತ್ತ ಬಂದಿರುವುದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳನ್ನು. ಮಕ್ತಲ್ ಇಲ್ಲ, ನಾರಾಯಣಪೇಟೆ ಇಲ್ಲ, ಗದ್ವಾಲ್ ಇಲ್ಲ. ಕೃಷ್ಣೆಯ ಈ ದಂಡೆಯಲ್ಲಿ ಗಡಿಯೂ ಇದೆ, ಕನ್ನಡವೂ ಇದೆ, ಗಡಿನಾಡು ಮಾತ್ರ ಕಾಗದದ ಮೇಲೆ ಇಲ್ಲ. ಹೊರನಾಡು ಕಲಂ ಬೇರೆ ಇದೆಯೆನ್ನಿ. ಅದು ರಾಜ್ಯದ ಹೊರಗೇ ಓದಿ, ಕನ್ನಡ ಭಾಷಾ ಪರೀಕ್ಷೆ ಬರೆದು ಬರುವವರಿಗೆ. ರಾಯಚೂರಿನಲ್ಲಿ ಪಿಯುಸಿ ಮುಗಿಸಿದವಳಿಗೆ ಅದೂ ತಕ್ಕದ್ದಲ್ಲ. ಉಳಿಯುವುದು ಸರ್ಕಾರಿ ಕಾಲೇಜುಗಳ ಶೇ 15ರ ಅಖಿಲ ಭಾರತ ಕೋಟಾ, ಇಲ್ಲವೇ ದುಡ್ಡಿದ್ದವರ ದಾರಿ. 2024ರಲ್ಲಿ ಗದ್ವಾಲಿಗೂ ನಾರಾಯಣಪೇಟೆಗೂ ತಲಾ 50 ಸೀಟಿನ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿವೆ. ಇವಳದೇ ಜಿಲ್ಲೆಯ ಕಾಲೇಜಿನಲ್ಲಿ ಇವಳು ಪರಸ್ಥಳದವಳು.

ಒಂದು ಕಿಂಡಿ ಇದೆ, ಅದನ್ನು ಬಲ್ಲವರು ಬಹಳ ಮಂದಿಯಿಲ್ಲ. ಸಿಇಟಿಯ ಎರಡನೆಯ ಕಲಂ ಪ್ರಕಾರ ವಿದ್ಯಾರ್ಥಿ ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಸಾಕು. ಗಡಿಯಲ್ಲಿ ಹೆಣ್ಣು ಕೊಡುವುದು ತರುವುದು ಆಚೆ ಈಚೆ ನಡೆದೇ ಇದೆ. ದೇವದುರ್ಗದಿಂದಲೋ ಯಾದಗಿರಿಯಿಂದಲೋ ಸೊಸೆಯಾಗಿ ಬಂದ ತಾಯಿ ಏಳನೆಯ ತರಗತಿ ಮುಗಿಸಿದ್ದರೆ, ಅವಳ ತವರಿನ ಶಾಲೆಯ ದಾಖಲೆ ಮಗಳಿಗೆ ಸೀಟು ತಂದುಕೊಡಬಲ್ಲದು. ಹೆಂಗಸರ ಓದಿನ ವಿಷಯದಲ್ಲಿ ಇಷ್ಟು ಹಿಂದುಳಿದ ಸೀಮೆಯಲ್ಲಿ ಅಂಥ ದಾಖಲೆ ಎಷ್ಟು ಮನೆಗಳಲ್ಲಿದ್ದೀತು ಎಂಬುದು ಬೇರೆ ಮಾತು.

ರಾಯಚೂರಿನಲ್ಲಿ ಓದಿದರೆ ಕಲ್ಯಾಣ ಕರ್ನಾಟಕದ ಮೀಸಲಾತಿ ಸಿಗುತ್ತದೆ ಎಂಬ ನಂಬಿಕೆಯೂ ಹಳ್ಳಿಗಳಲ್ಲಿ ಹಬ್ಬಿದೆ. 371-ಜೆ ಅನುಚ್ಛೇದ ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ಕಾಯ್ದಿಡುತ್ತದೆ ನಿಜ. ಅದಕ್ಕೆ ಬೇಕಾದದ್ದು ಹುಟ್ಟು-ವಾಸ್ತವ್ಯದ ಅರ್ಹತಾ ಪ್ರಮಾಣಪತ್ರ. ಬರೀ ಶಾಲೆಯ ಟಿಸಿ ಅಲ್ಲಿ ನಡೆಯುವುದಿಲ್ಲ. 1956ರಲ್ಲಿ ಗದ್ವಾಲ್ ತಾಲ್ಲೂಕು ರಾಯಚೂರಿನಲ್ಲೇ ಉಳಿದಿದ್ದರೆ ಅಲ್ಲಿಯವರೆಲ್ಲ ಈ ಮೀಸಲಾತಿಯೊಳಗೇ ಹುಟ್ಟುತ್ತಿದ್ದರು.

ಹಾಗಾದರೆ ಮಕ್ಕಳಿಗೆ ಹೇಳಬೇಕಾದದ್ದೇನು? ಗುರಿಯಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ ಎಂದು. ತೆಲಂಗಾಣದಲ್ಲಿ ಡಾಕ್ಟರ್ ಆಗುವ ಆಸೆಯಿದ್ದರೆ ಎಂಟನೆಯದು ಮುಗಿದ ಮೇಲೆ ಗಡಿ ದಾಟಬೇಡಿ. ದಾಟಿದ್ದರೆ ಒಂಬತ್ತಕ್ಕೆ ಹಿಂದಿರುಗಿ. ಕರ್ನಾಟಕದ ಕೃಷಿ, ಎಂಜಿನಿಯರಿಂಗ್ ಸೀಟುಗಳ ಮೇಲೆ ಕಣ್ಣಿದ್ದರೆ ಆರನೆಯದಕ್ಕೇ ರಾಯಚೂರಿಗೆ ಹೋಗಿ. ಆರರಿಂದ ಹನ್ನೆರಡು ಅಂದರೆ ಸರಿಯಾಗಿ ಏಳು ವರ್ಷ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಬೀಜ ಬೆಳೆಯುವ ಮನೆಯ ಮಕ್ಕಳಿಗೆ ಅದಕ್ಕಿಂತ ಒಪ್ಪುವ ಕಾಲೇಜು ಹುಡುಕಿದರೂ ಸಿಗುವುದಿಲ್ಲ. ಈ ದಾರಿಯ ಸ್ವಾರಸ್ಯವೆಂದರೆ, ಐದರವರೆಗೆ ಊರಲ್ಲೇ ಓದಿದವರು ತೆಲಂಗಾಣದ ನೌಕರಿಗೆ ಬೇಕಾದ ನಾಲ್ಕು ವರ್ಷವನ್ನೂ ಮುಗಿಸಿರುತ್ತಾರೆ. ಕಳೆದುಕೊಳ್ಳುವುದು ತೆಲಂಗಾಣದ ಕಾಲೇಜು ಸೀಟಿನ ಸ್ಥಳೀಯ ಹಕ್ಕನ್ನು. ಎಂಜಿನಿಯರಿಂಗಿಗಾದರೆ ಅಲ್ಲೂ ಶೇ 15ರ ಮುಕ್ತ ಪಾಲಿನಲ್ಲಿ, ತಂದೆ ಅಥವಾ ತಾಯಿ ಹತ್ತು ವರ್ಷ ರಾಜ್ಯದಲ್ಲಿ ನೆಲೆಸಿದ ಆಧಾರದ ಮೇಲೆ, ಒಂದು ಬಾಗಿಲು ಉಳಿದಿರುತ್ತದೆ.

ಮಗುವಿನ ಸ್ವಭಾವವೂ ಲೆಕ್ಕಕ್ಕೆ ಬರಬೇಕು. ಕರ್ನಾಟಕದ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ತೆಲಂಗಾಣ ಇಂಟರ್ ಅಂಕಗಳ ತೂಕವನ್ನು ಕೈಬಿಟ್ಟು ತನ್ನ ಪ್ರವೇಶ ಪರೀಕ್ಷೆಯಾದ ಈಎಪಿಸೆಟ್ ಅಂಕವೊಂದನ್ನೇ ಹಿಡಿದಿದೆ. ವರ್ಷವಿಡೀ ನಿಧಾನಕ್ಕೆ ಓದಿ ಬೋರ್ಡಿನಲ್ಲಿ ಚೆನ್ನಾಗಿ ಬರೆಯುವವರಿಗೆ ಮೊದಲನೆಯದು ಒಗ್ಗುತ್ತದೆ, ಗಡಿಯಾರ ನೋಡಿಕೊಂಡು ಉತ್ತರ ಗುರುತಿಸುವ ಚುರುಕಿನವರಿಗೆ ಎರಡನೆಯದು. ಎನ್‌ಐಟಿಯ ಕನಸು ಕಾಣುವವರಿಗೆ ಇನ್ನೊಂದು ವಿಷಯ: ಅಲ್ಲಿ ಅರ್ಧ ಸೀಟು ತವರು ರಾಜ್ಯದವರಿಗೆ, ತವರು ರಾಜ್ಯ ಎಂದರೆ ಹನ್ನೆರಡನೆಯದನ್ನು ಪಾಸಾದ ರಾಜ್ಯ. ಗದ್ವಾಲಿನಲ್ಲಿ ಇಂಟರ್ ಮುಗಿಸಿದವರಿಗೆ ವರಂಗಲ್ ತವರು, ರಾಯಚೂರಿನಲ್ಲಿ ಪಿಯುಸಿ ಮುಗಿಸಿದವರಿಗೆ ಸುರತ್ಕಲ್.

ಮಾಧ್ಯಮದ ಜಗಳ ಬೇರೆ. ಮಗುವಿಗೆ ಯಾವ ಮಾಧ್ಯಮ ಎಂಬುದು ಸರ್ಕಾರ ಹೇರುವಂಥದ್ದಲ್ಲ, ಪೋಷಕರ ಆಯ್ಕೆ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ಹೇಳಿತು, ಅದೂ ಕರ್ನಾಟಕದ ಮೊಕದ್ದಮೆಯಲ್ಲೇ. ತೆಲಂಗಾಣದಲ್ಲಿ 2022-23ರಿಂದ ಸರ್ಕಾರಿ ಶಾಲೆಗಳಿಗೂ ಇಂಗ್ಲಿಷ್ ಮಾಧ್ಯಮ ಬಂತು. ಅದಕ್ಕೂ ಮೊದಲೇ 2018ರ ಕಾಯ್ದೆ ಒಂದರಿಂದ ಹತ್ತರವರೆಗೆ ಎಲ್ಲ ಶಾಲೆಗಳಲ್ಲೂ ತೆಲುಗನ್ನು ಕಡ್ಡಾಯ ಮಾಡಿದೆ. ಕರ್ನಾಟಕದಲ್ಲಿ 2015ರ ಕಾಯ್ದೆ ಕನ್ನಡವನ್ನು ಕಡ್ಡಾಯ ಮಾಡಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂದು ಬೆಳೆದ ಮಕ್ಕಳಿಗೆ ಎರಡು ಭಾಷೆಯಲ್ಲಿ ಮಾತಾಡುವುದು ನೀರು ಕುಡಿದಷ್ಟು ಸಲೀಸು. ಬರೆಯುವುದು ಹಾಗಲ್ಲ. ಆರಕ್ಕೋ ಒಂಬತ್ತಕ್ಕೋ ದಂಡೆ ಬದಲಿಸುವ ಯೋಚನೆಯಿದ್ದರೆ ಆ ದಂಡೆಯ ಲಿಪಿಯನ್ನು ಎರಡು ವರ್ಷ ಮೊದಲೇ ಮನೆಯಲ್ಲಿ ಶುರುಮಾಡಿಸಬೇಕು. ಎರಡೂ ಲಿಪಿಗಳು ಒಂದೇ ಬಸಿರಿನವು, ಬೇಸಿಗೆ ರಜೆ ಸಾಕು ಎನ್ನುವವರ ಮಾತು ಅಕ್ಷರ ಗುರುತಿಸುವುದಕ್ಕೆ ಸರಿ. ಸಮಾಜ ವಿಜ್ಞಾನದ ಉತ್ತರ ಬರೆಯುವುದಕ್ಕೆ ಸಾಲದು.

ಕನ್ನಡ ಶಾಲೆ ಊರಲ್ಲಿದ್ದು, ಅಲ್ಲಿ ಪಾಠ ಮಾಡುವ ಮಾಸ್ತರರೂ ಇದ್ದರೆ ಮೊದಲ ಐದು ವರ್ಷ ಅಲ್ಲೇ ಓದಿಸುವುದು ಮೇಲು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಬೇಕೆಂಬ 350-ಎ ಅನುಚ್ಛೇದ ಸಂವಿಧಾನಕ್ಕೆ ಸೇರಿದ್ದೂ 1956ರಲ್ಲೇ, ಗಡಿ ಎಳೆದ ಅದೇ ವರ್ಷ. ಮಾಸ್ತರರಿಲ್ಲದ ಕನ್ನಡ ಶಾಲೆಗೆ ಮಾತ್ರ ಅಭಿಮಾನಕ್ಕಾಗಿ ಮಗುವನ್ನು ಹಾಕುವುದು ಮಗುವಿಗೆ ಮಾಡುವ ಅನ್ಯಾಯ. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ. ಐದು ತರಗತಿಗೆ ಎಷ್ಟು ಮಂದಿ ಇದ್ದಾರೆ, ಕನ್ನಡ ಪುಸ್ತಕ ಯಾವ ತಿಂಗಳಲ್ಲಿ ಬಂತು ಎಂದು ಹೋಗಿ ಕೇಳಬೇಕು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಗುರುಕುಲದ ಆಸೆಯವರಿಗೆ ಒಂದು ಎಚ್ಚರಿಕೆ. ತೆಲಂಗಾಣದ ಗುರುಕುಲಗಳ ಐದನೆಯ ತರಗತಿಯ ಪ್ರವೇಶ ಪರೀಕ್ಷೆ ನೂರು ಅಂಕದ್ದು, ಅದರಲ್ಲಿ ತೆಲುಗಿಗೇ 20 ಅಂಕ. ಕನ್ನಡ ಶಾಲೆಯ ಮಗು ತೆಲುಗು ಓದದೆ ಹೋದರೆ ಓಟ ಶುರುವಾಗುವ ಮೊದಲೇ ಹಿಂದೆ ಬಿದ್ದಿರುತ್ತದೆ. ನವೋದಯದ ಆರನೆಯ ತರಗತಿಯ ಪರೀಕ್ಷೆಯಲ್ಲಿ 80 ಪ್ರಶ್ನೆ, ಅರ್ಧ ಬುದ್ಧಿಶಕ್ತಿಯವು. ಸೀಟಿನಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ, ಮೂರರಲ್ಲೊಂದು ಹೆಣ್ಣುಮಕ್ಕಳಿಗೆ. ಆದರೆ ಐದನೆಯದನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಐದಕ್ಕೇ ಅವಸರದಿಂದ ರಾಯಚೂರಿಗೆ ಕಳಿಸಿದವರು ಇಲ್ಲಿನ ನವೋದಯವನ್ನು ಮರೆಯಬೇಕು.

ಜಿಲ್ಲಾ ಪರಿಷತ್ತಿನ ಶಾಲೆಯೆಂದರೆ ಮೂಗು ಮುರಿಯುವವರಿಗೂ ಒಂದು ಸಂಗತಿ. ಬಾಸರದ ಆರ್‌ಜಿಯುಕೆಟಿಯಲ್ಲಿ, ಜನ ಬಾಸರ ಟ್ರಿಪಲ್ ಐಟಿ ಎನ್ನುವ ಕಡೆ, ಹತ್ತನೆಯ ತರಗತಿಯ ಫಲಿತಾಂಶದ ಮೇಲೆಯೇ ಆರು ವರ್ಷದ ಎಂಜಿನಿಯರಿಂಗ್ ಓದಿಗೆ ಪ್ರವೇಶ. ವಸತಿಯಿಲ್ಲದ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ಅಲ್ಲಿ ಹೆಚ್ಚುವರಿ ಅಂಕ ಸೇರಿಸುತ್ತಾರೆ. ಸಾಲ ಮಾಡಿ ಖಾಸಗಿ ಶಾಲೆಗೆ ಹಾಕಿದ ತಂದೆ ಈ ಅಂಕವನ್ನು ದುಡ್ಡು ಕೊಟ್ಟು ಕಳೆದುಕೊಂಡಂತೆಯೇ.

ಮಾಸ್ತರಾಗಬೇಕೆನ್ನುವವರಿಗೆ ಕನ್ನಡವೇ ದಾರಿ. ತೆಲಂಗಾಣದ ಶಿಕ್ಷಕರ ಅರ್ಹತಾ ಪರೀಕ್ಷೆ ಟೆಟ್‌ನಲ್ಲಿ ಮೊದಲ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡದಲ್ಲಿ ಓದಿದವರೇ ಬೇಕು. ಪೈಪೋಟಿ ತೆಲುಗಿನಷ್ಟಿಲ್ಲ, ಹುದ್ದೆಗಳೂ ಕಡಿಮೆ. ಡಿಗ್ರಿಗೆ ದೂರ ಹೋಗಬೇಕಾಗಿಲ್ಲ: ಗದ್ವಾಲಿನಲ್ಲಿ ಮಹಾರಾಣಿ ಆದಿಲಕ್ಷ್ಮಿ ದೇವಮ್ಮನವರ ಹೆಸರಿನ ಸರ್ಕಾರಿ ಕಾಲೇಜಿದೆ, ನಾರಾಯಣಪೇಟೆಯಲ್ಲಿ ಚಿಟ್ಟೆಂ ನರ್ಸಿರೆಡ್ಡಿ ಕಾಲೇಜಿದೆ.

ಕರ್ನಾಟಕ ಸರ್ಕಾರ ಮಾಡಬಹುದಾದದ್ದು ದೊಡ್ಡದೇನಲ್ಲ. ಸಿಇಟಿಯ ಗಡಿನಾಡು ಕಲಮಿಗೆ ಕೃಷ್ಣೆಯ ಈ ದಂಡೆಯ ಊರುಗಳನ್ನು ಸೇರಿಸಿದರೆ ಸಾಕು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇಲ್ಲಿನ ಕನ್ನಡ ಶಾಲೆಗೆ ಕೋಣೆ ಕಟ್ಟಿಸಿಕೊಡುವುದಕ್ಕಿಂತ ಅದು ಹೆಚ್ಚು ಮಕ್ಕಳನ್ನು ಕನ್ನಡದಲ್ಲಿ ಉಳಿಸುತ್ತದೆ.

ಅದಾಗುವವರೆಗೆ ಮನೆಯವರು ಮಾಡಬೇಕಾದ ಕೆಲಸವಿದೆ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಆಯಾ ವರ್ಷದ ಸಿಇಟಿ, ಈಎಪಿಸೆಟ್ ಪುಸ್ತಿಕೆಗಳ ಅರ್ಹತೆಯ ಪುಟವನ್ನು ಎಂಟನೆಯ ತರಗತಿ ಮುಗಿಯುವುದರೊಳಗೆ ಒಬ್ಬ ಬಲ್ಲವರಿಂದ ಓದಿಸಿಕೊಳ್ಳಿ. ಒಂದರಿಂದ ಪ್ರತಿ ತರಗತಿಯ ಬೋನಾಫೈಡ್ ಸರ್ಟಿಫಿಕೇಟನ್ನು ವರ್ಷ ಮುಗಿದ ಕೂಡಲೇ, ಶಾಲೆಯ ಮೊಹರಿನೊಂದಿಗೆ ತೆಗೆದಿಟ್ಟುಕೊಳ್ಳಿ. ತಾಯಿ ಕರ್ನಾಟಕದಲ್ಲಿ ಓದಿದ್ದರೆ ಅವಳ ವ್ಯಾಸಂಗ ಪ್ರಮಾಣಪತ್ರವನ್ನೂ ಈ ಬೇಸಿಗೆಯಲ್ಲಿ ತವರಿಗೆ ಹೋದಾಗಲೇ ತನ್ನಿ.